ಹುಸೇನಮ್ಮ ಹೊರಗೆ ಉಳಿದ ಮಧ್ಯಾಹ್ನ

ಕಾಗಿಣಾಪುರ
ಉರಿಮಾಸದ ಹದಿನಾರು, ಕ್ರಿ.ಶ. 2191

ನನಗಿಂತ ಮೊದಲು ಬಾಳಿದ ಹಿರಿಯರಿಗೆ ಕಸ್ತೂರಿಬಾಯಿಯ ಶರಣುಗಳು.

ಮೇಲೆ ಬರೆದ ತಿಂಗಳು ನಿಮ್ಮ ಪಂಚಾಂಗದಲ್ಲಿ ಸಿಗಲಾರದು. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವಿನ ಬಿಸಿಲಿಗೆ ಬೇರೆಯದೇ ಹೆಸರು ಬೇಕಾಯಿತು. ನಮ್ಮ ಅಜ್ಜಂದಿರು ಇಟ್ಟರು. ಊರೂ ನಿಮಗೆ ಗೊತ್ತಿರುವುದಲ್ಲ, ಕಾಗಿಣಾ ನದಿಯ ದಂಡೆಯಲ್ಲಿ ನಿಮ್ಮ ನಂತರ ಕಟ್ಟಿದ್ದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ಬಡವರ ಕೈ ಹಿಡಿಯಬೇಕಾದವರು ಸರ್ಕಾರದವರೋ ಉಳ್ಳವರೋ ಎಂದು ನಿಮ್ಮ ಕಾಲದಲ್ಲಿ ದೊಡ್ಡ ವಾದ ನಡೆದಿತ್ತೆಂದು ಓದಿದ್ದೇನೆ. ಆ ವಾದ ನನ್ನ ತವರುಮನೆಯಲ್ಲೇ ನಡೆಯಿತು, ಅಕ್ಕ ತಮ್ಮಂದಿರ ನಡುವೆ. ಅದರಿಂದ ಆದದ್ದನ್ನು ಹೇಳುತ್ತೇನೆ.

ಉರಿಮಾಸದಲ್ಲಿ ನಾವು ನಸುಕಿಗೆ ಮೊದಲೇ ಎದ್ದು ಕೆಲಸ ಮುಗಿಸುತ್ತೇವೆ. ತೊಗರಿಯನ್ನು ನೆರಳುಬಲೆಯ ಕೆಳಗೆ ಬೆಳೆಯುತ್ತೇವೆ. ಹೊತ್ತೇರಿದ ಮೇಲೆ ಮನೆಯಲ್ಲಿ ತಂಪುಯಂತ್ರ ಇದ್ದವರು ಬಾಗಿಲು ಹಾಕಿಕೊಳ್ಳುತ್ತಾರೆ. ಇಲ್ಲದವರು ತಂಪುಮನೆಗೆ ಹೋಗುತ್ತಾರೆ. ತಂಪುಮನೆಯೆಂದರೆ ಅರ್ಧ ನೆಲದೊಳಗಿಳಿದ, ದಪ್ಪ ಕಲ್ಲಿನ ಗೋಡೆಯ ದೊಡ್ಡ ಪಡಸಾಲೆ. ಬಟ್ಟೆಯಲ್ಲಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಹೊತ್ತು ಇಳಿಯುವವರೆಗೆ ಅಲ್ಲೇ ಇರುವುದು. ಮಕ್ಕಳ ಪಾಠ ಅಲ್ಲೇ, ಸೊಸೆ ಹುಡುಕುವುದು ಅಲ್ಲೇ, ನಿದ್ದೆಯೂ ಅಲ್ಲೇ. ಮಧ್ಯಾಹ್ನ ಹೊರಗೆ ಉಳಿದವರು ಸಂಜೆಗೆ ಎದ್ದು ಬರುತ್ತಾರೆಂಬ ಖಾತ್ರಿ ಇಲ್ಲ.

ನಾನು ಹದಿನೆಂಟರ ಹುಡುಗಿಯಾಗಿದ್ದಾಗ ಊರಲ್ಲಿ ಇಂಥವು ಎರಡೇ ಇದ್ದವು. ಒಂದು ಊರಸಭೆಯದು. ನನ್ನ ಅವ್ವ ಸುಗಲಾಬಾಯಿ ಸಭೆಯ ಸದಸ್ಯೆ, ಹಟ ಹಿಡಿದು ಅದನ್ನು ಕಟ್ಟಿಸಿದವಳು. ಇನ್ನೊಂದು ಅವಳ ಒಡಹುಟ್ಟಿದ ತಮ್ಮ, ನನ್ನ ಸೋದರಮಾವ ಗುರುಪಾದಪ್ಪನದು. ಅವನಿಗೆ ಬೇಳೆ ಗಿರಣಿಗಳಿದ್ದವು. ತೀರಿಕೊಂಡ ನನ್ನ ಅಜ್ಜಿಯ ಹೆಸರಲ್ಲಿ ಅವನು ತಂಪುಮನೆ ತೆರೆದಿದ್ದ. ಅಲ್ಲಿ ಮಜ್ಜಿಗೆ, ನುಚ್ಚು, ಸಾರು ಎಲ್ಲ ಪುಕ್ಕಟೆ. ಒಳಗೆ ಬರುವವರು ಅಜ್ಜಿಯ ಪಟಕ್ಕೆ ಕೈಮುಗಿದು ಬರಬೇಕೆಂಬುದೊಂದೇ ಅಲ್ಲಿನ ಪದ್ಧತಿ. ನಿಜ ಹೇಳಬೇಕೆಂದರೆ ಮಾವನ ತಂಪುಮನೆಯೇ ಹೆಚ್ಚು ತಣ್ಣಗಿತ್ತು, ಹೆಚ್ಚು ಸ್ವಚ್ಛವಾಗಿತ್ತು. ನಾನು ಅಲ್ಲಿ ಮಜ್ಜಿಗೆ ಕೊಡುತ್ತಿದ್ದೆ.

ಅಮಾವಾಸ್ಯೆಗೊಮ್ಮೆ ಮಾವ ನಮ್ಮ ಮನೆಗೆ ಊಟಕ್ಕೆ ಬಂದಾಗ ಇಬ್ಬರಿಗೂ ವಾದ ಹತ್ತುತ್ತಿತ್ತು.

"ನಿಮ್ಮ ಸಭಾದ ಮನಿಗೆ ಹೋದವರನ್ನ ಯಾರರೇ ಮಾತಾಡಸ್ತಾರೇನು?" ಎನ್ನುತ್ತಿದ್ದ ಮಾವ. "ನನ್ನಲ್ಲಿ ಬಂದವರ ಮಕ್ಕಳ ಹೆಸರು ನನಗ ಗೊತ್ತದ. ಕೊಡೋದು ಮನಸಿನಿಂದ ಬರಬೇಕಕ್ಕಾ. ತೆರಿಗಿ ಹಾಕಿ ಕಸಗೊಂಡು ಕೊಟ್ಟರ ಅದು ದಾಸೋಹ ಅಲ್ಲ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು: "ನಿನ್ನ ಮನಸು ನಾಳೆ ಕೆಟ್ಟರ? ಮಂದಿ ಉಸಿರು ಒಬ್ಬಾವನ ಮನಸಿನ ಮ್ಯಾಲೆ ನಿಂದರಬಾರದು, ಗುರುಪಾದ. ನೆರಳು ಬೇಡೋದಲ್ಲ, ಅದು ಹಕ್ಕು."

ಇಬ್ಬರೂ ಒಳ್ಳೆಯವರು. ಇದನ್ನು ನೀವು ನೆನಪಿಡಬೇಕು, ಏಕೆಂದರೆ ಮುಂದಿನದನ್ನು ಕೇಳಿದರೆ ಹಾಗೆ ಅನ್ನಿಸದೇ ಹೋಗಬಹುದು.

ಮಾವನ ಗಿರಣಿಯಲ್ಲಿ ಮೂಟೆ ಹೊರುವ ದುರ್ಗಪ್ಪನೆಂಬ ಹಮಾಲ ಇದ್ದ. ಕೂಲಿ ಹೆಚ್ಚಿಸಬೇಕೆಂದು ಅವನು ಹಮಾಲರನ್ನೆಲ್ಲ ಕೂಡಿಸಿ ಮುಷ್ಕರ ಹೂಡಿದ. ಗಿರಣಿ ಒಂದು ಸುಗ್ಗಿ ಪೂರ್ತಿ ನಿಂತಿತು. ಆಮೇಲೆ ಅವನಿಗೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಹೆಂಡತಿ ಯಂಕಮ್ಮ, ತಾಯಿ ಹುಸೇನಮ್ಮ ಇಬ್ಬರನ್ನೂ ಕರೆದುಕೊಂಡು ಹೊಳೆಯಾಚೆಯ ಕಲ್ಲಿನ ಗಣಿಗೆ ಹೋದ. ಅಲ್ಲೇ ಕಲ್ಲು ಉರುಳಿ ತೀರಿಕೊಂಡ.

ಆ ವರ್ಷದ ಉರಿಮಾಸ ಬಹಳ ಕೆಟ್ಟದಾಗಿತ್ತು. ಗಣಿಯ ತಗಡಿನ ಗುಡಿಸಲಲ್ಲಿ ಇರಲಾಗದೆ ಯಂಕಮ್ಮ ಅತ್ತೆಯನ್ನು ನಡೆಸಿಕೊಂಡು ಒಣಗಿದ ಹೊಳೆ ದಾಟಿ ಊರಿಗೆ ಬಂದಳು. ಮೊದಲು ಸಭೆಯ ತಂಪುಮನೆಗೆ ಹೋದಳು. ನಮ್ಮಲ್ಲಿ ಮುಂಗೈ ಮೇಲೆ ಊರಮುದ್ರೆ ಇರುತ್ತದೆ, ಯಾವ ಊರಿನವರೆಂದು ಬಾಗಿಲಿನ ಯಂತ್ರಕಣ್ಣು ಓದಿಕೊಳ್ಳುವಂಥದ್ದು. ಊರು ಬಿಟ್ಟವರ ಮುದ್ರೆ ಆರು ತಿಂಗಳಿಗೆ ಅಳಿಯುತ್ತದೆ. ಇವರದು ಅಳಿದಿತ್ತು. ಬಾಗಿಲಲ್ಲಿದ್ದವನು, "ನನ್ನ ಕೈಯಾಗ ಏನೂ ಇಲ್ಲವ್ವಾ, ನಿಯಮ ಅದ," ಎಂದನಂತೆ. ಆ ನಿಯಮ ಬರೆದವಳು ನನ್ನ ಅವ್ವ. ಹೊರಗಿನವರು ತುಂಬಿಕೊಂಡು ಊರವರಿಗೆ ಜಾಗವಿಲ್ಲದಂತಾಗಬಾರದೆಂದು ಬರೆದಿದ್ದಳು.

ಅಲ್ಲಿಂದ ಅವರು ಮಾವನ ತಂಪುಮನೆಗೆ ಬಂದರು. ನಾನು ಮಜ್ಜಿಗೆಯ ಕೊಡದ ಹತ್ತಿರ ನಿಂತಿದ್ದೆ, ಎಲ್ಲ ಕಂಡೆ. ಮುದುಕಿಯ ತುಟಿಗಳು ಒಡೆದಿದ್ದವು. ಮಾವ ಗುರುತು ಹಿಡಿದ. ಅವನ ಮುಖ ಬಿಗಿಯಿತು, ಆದರೆ ಹೊರಗೆ ಹೋಗಿರೆಂದು ಅವನು ಹೇಳಲಿಲ್ಲ.

"ಬರ್ರಿ. ಬಂದವರನ್ನ ಹೊರಗ ಹಾಕೋ ಮಂದಿ ಅಲ್ಲ ನಾವು," ಎಂದ. "ಆದರ ನಿನ್ನ ಗಂಡ ನನ್ನ ಅನ್ನ ಉಂಡು ನನ್ನ ಗಿರಣಿಗೇ ಬೀಗ ಹಾಕಿಸಿದ. ಅದು ತಪ್ಪಾತು ಅಂತ ಇವರ ಮುಂದ ಒಂದು ಮಾತು ಅಂದು, ನಮ್ಮವ್ವನ ಪಟಕ್ಕ ಕೈಮುಗಿದು ಒಳಗ ಬಾ."

ಯಂಕಮ್ಮ ತಲೆ ತಗ್ಗಿಸಿದಳು. ಅವಳು ಅಂದುಬಿಡುತ್ತಿದ್ದಳೆಂದೇ ನನಗೆ ಈಗಲೂ ಅನ್ನಿಸುತ್ತದೆ. ಅಷ್ಟರಲ್ಲಿ ಹುಸೇನಮ್ಮ ಸೊಸೆಯ ತೋಳು ಹಿಡಿದಳು.

"ನನ್ನ ಮಗ ತಪ್ಪು ಮಾಡಿಲ್ಲ," ಎಂದಳು. "ನಡಿಯವ್ವಾ."

ನಾನು ಮಜ್ಜಿಗೆ ತುಂಬಿಕೊಂಡು ಹಿಂದೆ ಓಡಿದೆ. ಮುದುಕಿ ಬೇಡವೆಂದು ಕೈ ಅಲ್ಲಾಡಿಸಿದಳು. ಅವರು ಗಣಿಯ ಕಡೆಗೆ ಹೊರಟರು. ಹೊಳೆಯ ಉಸುಕಿನಲ್ಲಿ, ಮುರಿದ ಸೇತುವೆಯ ಕಂಬದ ಪಕ್ಕ, ಹುಸೇನಮ್ಮ ಕುಳಿತಳು; ಮತ್ತೆ ಏಳಲಿಲ್ಲ.

ಮಾರನೆಯ ವಾರ ಊರಸಭೆ ಸೇರಿತು. ಅವ್ವನ ಪಕ್ಷದವರು ಎದ್ದು, ದಾನಿಗಳ ಸೊಕ್ಕು ಮುದುಕಿಯನ್ನು ಕೊಂದಿತೆಂದರು. ಮಾವನ ಪಕ್ಷದವರು ಎದ್ದು, ಸರ್ಕಾರದ ನಿಯಮ ಕೊಂದಿತೆಂದರು. ಹುಸೇನಮ್ಮನ ಹೆಸರು ಅತ್ತಿಂದಿತ್ತ ಹಾರಾಡುತ್ತಿತ್ತು. ಬಾಗಿಲ ಬಳಿ ಕುಳಿತಿದ್ದ ಯಂಕಮ್ಮ ಎದ್ದು ನಿಂತಾಗ ಅವಳು ಯಾರೆಂದು ಬಹಳ ಮಂದಿಗೆ ತಿಳಿಯಲೂ ಇಲ್ಲ.

"ನಮ್ಮತ್ತಿ ಹೆಸರು ಬಿಡ್ರಿ," ಎಂದಳು. "ಆಕಿ ಇದ್ದಾಗ ನೀವ್ಯಾರೂ ಅದನ್ನ ಕೇಳಿಲ್ಲ. ನಾಳೆ ಬಿಸಲಿಗೆ ನಾ ಬಂದರ ಬಾಗಿಲದಾಗ ನನಗ ಏನ್ ಕೇಳ್ತೀರಿ, ಅದಷ್ಟ ಹೇಳ್ರಿ."

ಅವ್ವ ಎದ್ದು, "ಏನೂ ಕೇಳಂಗಿಲ್ಲವ್ವಾ," ಎಂದಳು. ಅಂದೇ ತನ್ನ ನಿಯಮವನ್ನು ತಾನೇ ರದ್ದು ಮಾಡಿಸಿದಳು. ಬಂದವರಿಗೆಲ್ಲ ನೆರಳು ಕೊಡಲು ಗಿರಣಿಗಳ ಮೇಲೆ ಹೊಸ ತೆರಿಗೆಯನ್ನೂ ಗೊತ್ತು ಮಾಡಿದರು.

ಮಾವನಿಗೆ ಅದನ್ನು ಸಹಿಸಲಾಗಲಿಲ್ಲ. "ಕೊಡು ಅಂದಿದ್ದರ ಇದರ ಎರಡರಷ್ಟು ಕೊಡ್ತಿದ್ದೆ. ಕಸಗೊಂಡಿರಿ," ಎಂದು ಹೇಳಿ ಹೊರಟುಹೋದ. ತನ್ನ ತಂಪುಮನೆಯ ಬಾಗಿಲು ಹಾಕಿಬಿಟ್ಟ. ಅಲ್ಲಿದ್ದವರೆಲ್ಲ ಸಭೆಯ ಮನೆಗೆ ಬಂದರು. ಕಾಲು ಚಾಚಲೂ ಜಾಗವಿಲ್ಲದ ಆ ಪಡಸಾಲೆಯಲ್ಲಿ ಅದೇ ಉರಿಮಾಸದಲ್ಲಿ ಇಬ್ಬರು ಮುದುಕರು ತೀರಿಹೋದರು, ಒಂದು ಕೂಸು ಹೋಯಿತು. ಅವ್ವ ಗೆದ್ದಳೆಂದು ಜನ ಹೇಳುತ್ತಾರೆ. ಅವಳು ಎಂದೂ ಹಾಗೆ ಹೇಳಲಿಲ್ಲ.

ಮರುವರ್ಷ ಸಭೆಯ ಮನೆಯ ತಂಪುಯಂತ್ರ ನಡುಹಗಲಲ್ಲಿ ಕೆಟ್ಟಿತು. ಅವ್ವ ಸೆರಗು ಹೊದ್ದು ಬಿಸಿಲಲ್ಲೇ ತಮ್ಮನ ಮನೆಗೆ ನಡೆದಳು, ನಾನು ಜೊತೆಗಿದ್ದೆ. ಹೊಸ್ತಿಲಾಚೆ ನಿಂತು, "ಗುರುಪಾದ, ಬೇಡಲಿಕ್ಕೆ ಬಂದೀನಿ," ಎಂದಳು.

ಅವನು ಅಕ್ಕನ ಮುಖವನ್ನೇ ನೋಡಿದ. "ಹಂಗಾರ ಈಗ ಒಪ್ಪತೀಯೇನು, ದಾನ ಬೇಕು ಅಂತ?"

"ಇವತ್ತು ಬೇಕು. ನಾಳೆ ಬ್ಯಾಡ ಆಗಲಿ ಅಂತ ದುಡೀತೀನಿ. ಅದನ್ನೂ ನಿನ್ನ ಮುಂದ ಮುಚ್ಚಿಡಂಗಿಲ್ಲ."

ಮಾವ ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆಂದುಕೊಂಡೆ. ಅವನು ತಂಪುಮನೆಯ ಕೀಲಿಕೈ ತಂದು ಅವಳ ಅಂಗೈಯಲ್ಲಿಟ್ಟ. "ನೀರು ಕುಡಿ ಮೊದಲ," ಎಂದ. ಆಮೇಲೆ ನಾವು ತಂಪುಮನೆಯ ಬೀಗ ತೆಗೆದದ್ದೇ ನಮಗಿಂತ ಮುಂದಾಗಿ ಒಳಗೆ ಹೋಗಿ, ಜನ ಬರುವ ಮೊದಲೇ, ತಾಯಿಯ ಪಟವನ್ನು ಗೋಡೆಯಿಂದ ತಾನೇ ಇಳಿಸಿ ಎದೆಗೊತ್ತಿಕೊಂಡು ಹೊರಗೆ ಬಂದ. ಅವನು ಅಳುತ್ತಿದ್ದ.

ಅಂದು ಯಂಕಮ್ಮನೂ ಒಳಗೆ ಬಂದಳು, ನಾನು ಅವಳಿಗೆ ನೀರು ಕೊಟ್ಟೆ. ಎಷ್ಟೋ ವರ್ಷಗಳ ಮೇಲೆ ಅವಳು ನನಗೆ ಹೇಳಿದಳು: "ಆ ನೀರು ತಣ್ಣಗಿತ್ತು, ಅದಕ್ಕ ಸುಳ್ಳು ಯಾಕ ಹೇಳಲಿ. ಆದರ ಗಂಟಲದಾಗ ಇಳೀಲಿಲ್ಲ ನೋಡವ್ವಾ."

ಅವರೆಲ್ಲ ಈಗ ಇಲ್ಲ. ಊರ ತಂಪುಮನೆಗಳೆಲ್ಲ ಸಭೆಯವು. ಬಾಗಿಲಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ. ಆದರೆ ಹೊಸ ತಲೆಮಾರಿನ ಸದಸ್ಯರು, ಯೋಗ್ಯರಿಗೆ ಮಾತ್ರ ನೆರಳು ಎಂಬ ಮಾತನ್ನು ಮತ್ತೆ ತಂದಿದ್ದಾರೆ. ನಾಡಿದ್ದು ಸಭೆ. ನಾನು ಹೋಗಿ ಇದನ್ನೆಲ್ಲ ಹೇಳುವವಳಿದ್ದೇನೆ; ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ವಾದ ನೀವು ಮಾಡಿರಿ, ಅದು ಬೇಗ ಮುಗಿಯುವಂಥದ್ದಲ್ಲ. ಆದರೆ ಸಭೆ ಕೂಡಿಸಿದ ದಿನ, ಆ ಬಾಗಿಲಿಗೆ ಬಂದು ನಿಲ್ಲಬೇಕಾದವರನ್ನು ಮೊದಲು ಕರೆಯಿರಿ. ಕೂರಲು ಜಾಗ ಕೊಡಿರಿ. ಸಾವು ಆಗುವುದಕ್ಕೆ ಮುಂಚೆಯೇ ಅವರು ಮಾತಾಡಲಿ.

ಬೀಳ್ಕೊಡುವಾಗ ನಾವು 'ನೆರಳಾಗಿರಿ' ಎನ್ನುತ್ತೇವೆ. ನೀವೂ ನೆರಳಾಗಿರಿ.

ಸುಗಲಾಬಾಯಿಯ ಮಗಳು, ಗುರುಪಾದಪ್ಪನ ಸೋದರಸೊಸೆ
ಕಸ್ತೂರಿಬಾಯಿ