ಒಂಬತ್ತರಲ್ಲಿ ಐದು

ಮಾರ್ಚ್ 4, ಬೆಳಿಗ್ಗೆ 7.40, ರಿಯೇಕಾ

ಕೋಶಗಳ ಆಹಾರ ಬದಲಿಸಿದ್ದಾಯಿತು. ರೊಮಾನೊ ಅವರ ಟಿ-ಕೋಶಗಳು, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಚೆನ್ನಾಗಿ ಬೆಳೆಯುತ್ತಿವೆ. ರೊಮಾನೊ ದೋಣಿ ರಿಪೇರಿಯವರು, ವಯಸ್ಸು ಅರವತ್ತೊಂದು, ಚರ್ಮದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ. ಅವರ ರಕ್ತದಿಂದ ತೆಗೆದ ಈ ಕೋಶಗಳಿಗೆ ಹೊಸ ಗ್ರಾಹಕ, ಅಂದರೆ ರಿಸೆಪ್ಟರ್, ಕೂರಿಸಿದ್ದೇವೆ. ಕ್ಯಾನ್ಸರ್ ಕೋಶ ಮೈಮೇಲೆ ಎತ್ತಿ ಹಿಡಿಯುವ ಪ್ರೋಟೀನ್ ಚೂರೊಂದನ್ನು ಗುರುತಿಸಿ ಆ ಕೋಶವನ್ನು ಕೊಲ್ಲಿಸುವಂಥದ್ದು. ಸರಪಳಿಯಂಥ ಆ ಚೂರಿಗೆ ಒಂಬತ್ತೇ ಕೊಂಡಿ. 18ರ ಮಂಗಳವಾರ ಇವನ್ನು ಡ್ರಿಪ್‌ನಲ್ಲಿ ಅವರಿಗೆ ಏರಿಸುವುದು.

ಮಾರ್ಚ್ 7

ಹೃದಯ ಸ್ನಾಯುವಿನ ಪ್ರೋಟೀನ್ ಒಂದರಲ್ಲೂ ಇಂಥದ್ದೇ ಚೂರು! ಒಂಬತ್ತರಲ್ಲಿ ಐದು ಕೊಂಡಿ ಒಂದೇ. ಗ್ರಾಹಕ ಒಂಬತ್ತನ್ನೂ ಮುಟ್ಟಿ ನೋಡುವುದಿಲ್ಲ, ಕೆಲವನ್ನಷ್ಟೇ... ಅವು ಈ ಐದೇ ಆಗಿದ್ದರೆ?

ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ವಿಡಾಸ್‌ಗೆ ಹೇಳಿದೆ. ಕಾಫಿ ಕಲಕುತ್ತ ನಕ್ಕರು. "ಹೃದಯದ ಕೋಶದ ಮೇಲೆ ಟೆಸ್ಟ್ ಮಾಡಿ ಆಗಿದೆಯಲ್ಲ ತೇಯಾ. ಒಂದೂ ಸತ್ತಿಲ್ಲ. ನಿನಗೆ ಎಲ್ಲಿ ನೋಡಿದ್ರೂ ದೆವ್ವ."

ಸತ್ತಿಲ್ಲ, ನಿಜ. ಆ ಟೆಸ್ಟಿನ ತಟ್ಟೆಯ ಕೋಶಗಳು ಮಿಡಿಯುತ್ತಲೇ ಇರಲಿಲ್ಲ. ಮಿಡಿಯದ ಕೋಶ ಆ ಪ್ರೋಟೀನ್ ತಯಾರಿಸುವುದೇ ಇಲ್ಲ. ಇಲ್ಲದ್ದನ್ನು ಗ್ರಾಹಕ ಗುರುತಿಸುವುದು ಹೇಗೆ? ಹದಿನಾರು ವರ್ಷ ಇಲ್ಲಿ ದುಡಿದವಳಿಗೆ ದೆವ್ವವಂತೆ.

ಮಾರ್ಚ್ 15, ಶನಿವಾರ

ಪಕ್ಕದ ಲ್ಯಾಬಿನವರನ್ನು ಕಾಡಿ ಬೇಡಿ ಮಿಡಿಯುವ ಕೋಶ ತಂದಿದ್ದೆ. ರಕ್ತದ ಗುಂಪಿನಂತೆ ಅಂಗಾಂಶಕ್ಕೂ ಗುಂಪಿದೆ; ಇವು ರೊಮಾನೊ ಅವರದೇ ಗುಂಪಿನವು. ನಿನ್ನೆ ನಮ್ಮ ಟಿ-ಕೋಶ ಹಾಕಿದೆ. ಇವತ್ತು ಮಧ್ಯಾಹ್ನ ನೋಡಿದರೆ ಒಂದೂ ಮಿಡಿಯುತ್ತಿಲ್ಲ. ಹೋಲಿಕೆಗೆಂದು ಬೇರೆ ಗ್ರಾಹಕದ ಟಿ-ಕೋಶ ಹಾಕಿದ್ದ ತಟ್ಟೆ ಆರಾಮಾಗಿ ಮಿಡಿಯುತ್ತಿದೆ.

ವಿಡಾಸ್‌ಗೆ ವಿಡಿಯೊ ಕಳಿಸಿ ಫೋನ್ ಮಾಡಿದೆ. ಒಂದು ತಟ್ಟೆ ನಂಬಿ ಕುಣಿಯಬಾರದಂತೆ. ಮುಂದಿನ ಶುಕ್ರವಾರ ಮಾತಾಡೋಣವಂತೆ. ಡ್ರಿಪ್ ಇರುವುದು ಮಂಗಳವಾರ!

ಮಾರ್ಚ್ 17

ಆಸ್ಪತ್ರೆಗೆ ನಾನೇ ಹೋದೆ. ರೊಮಾನೊ ಅವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಸ್ಮಿಲ್ಯಾನಾ ವಿಡಿಯೊ ಎರಡು ಸಲ ನೋಡಿದರು. ಡ್ರಿಪ್ ನಿಲ್ಲಿಸಿದರು. ಸಂಜೆಯ ಹೊತ್ತಿಗೆ ನನ್ನ ಕಾರ್ಡಿಗೆ ಲ್ಯಾಬಿನ ಬಾಗಿಲು ತೆರೆಯಲಿಲ್ಲ.

ಮಾರ್ಚ್ 20

ರೊಮಾನೊ ಮನೆಗೇ ಬಂದರು. ಕೂರಲಿಲ್ಲ.

"ನಿನ್ನ ಯಾರಮ್ಮ ಕೇಳಿದ್ದು? ನನಗೆ ಉಳಿದಿದ್ದು ಅದೊಂದೇ ದಾರಿ."

ವಿಡಿಯೊ ಹಾಕಿದೆ. ಕೊನೆಯ ಮಿಡಿತ ನಿಲ್ಲುವವರೆಗೂ ಅವರು ಕಣ್ಣು ಕೀಳಲಿಲ್ಲ. ಆಮೇಲೆ ಕೇಳಿದರು, ಪ್ರೊಫೆಸರ್‌ಗೆ ಇದು ಯಾವತ್ತು ಗೊತ್ತಾಯಿತು ಅಂತ. ಶನಿವಾರ ಎಂದೆ.

"ಭಾನುವಾರ ನನ್ನ ಮಂಚದ ಹತ್ರ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡ," ಅಂದರು. "ಕೈ ಕುಲುಕಿ, ಎಲ್ಲಾ ಸರಿಯಾಗಿದೆ ಅಂದ."

ಆಗ ಕೂತರು.

ಮಾರ್ಚ್ 31, 11.20

ಡ್ರಿಪ್ ನಿಲ್ಲಿಸಿದ್ದರ ಬಗ್ಗೆ ಆಸ್ಪತ್ರೆಯ ಸಮಿತಿಯ ವಿಚಾರಣೆ. ಹತ್ತು ನಿಮಿಷ ವಿರಾಮ. ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ವಿಡಾಸ್ ಅರ್ಧ ಗಂಟೆ ಮಾತಾಡಿದರು. "ನಮ್ಮ ಲ್ಯಾಬಿನ ಎಚ್ಚರದಿಂದಲೇ" ಅಪಾಯ ತಪ್ಪಿತಂತೆ. ನಮ್ಮ! ಭಾನುವಾರದ ಸಹಿಯ ಸುದ್ದಿಯೇ ಇಲ್ಲ.

ರೊಮಾನೊ ಪಕ್ಕದಲ್ಲಿದ್ದಾರೆ. ಕೆಮ್ಮು ಜಾಸ್ತಿಯಾಗಿದೆ. ಸರಿಯಾದ ಗ್ರಾಹಕ ಮಾಡಲು ಎಷ್ಟು ದಿನ ಬೇಕು ಎಂದು ಕೇಳಿದರು. ಒಂದು ವರ್ಷ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಂಗಾದ್ರೆ ನಿನಗಿಂತ ಮೊದಲು ನಾನೇ ಆ ಭಾನುವಾರದ ಸಹಿ ವಿಷಯ ಮಾತಾಡ್ತೀನಿ."

ಒಳಗೆ ಕರೆಯುತ್ತಿದ್ದಾರೆ. ಎದ್ದರು. ಕೋಟಿನ ಗುಂಡಿ ಹಾಕಿಕೊಂಡು, ನನ್ನ ಕೈ ಹಿಡಿಯದೆ, ತಾವೇ ಬಾಗಿಲು ತಳ್ಳಿ ಒಳಗೆ ನಡೆದರು.