ಭಟ್ಟಿಯ ಬಿರುಕು

ಮಾರ್ಚ್ 4, ಮಧ್ಯಾಹ್ನ 3

ಎರಡನೇ ಸುತ್ತಿನ ಬ್ರೆಡ್ ಭಟ್ಟಿಯೊಳಗೆ ಹೋಯಿತು. ಅರ್ಧ ಗಂಟೆ ಬಿಡುವು. ಹಿಟ್ಟಿನ ಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಭಟ್ಟಿಯ ಬಾಯಿಯ ಮೇಲಿನ ಬಿರುಕಿಗೆ ಮತ್ತೆ ಮಣ್ಣು ಮೆತ್ತಬೇಕು. ಹಳೇ ಬಿರುಕು, ಅಪ್ಪ ಇದೇ ಜಾಗದಲ್ಲಿ ನಿಂತು ಬ್ರೆಡ್ ಸುಡುತ್ತಿದ್ದ ಕಾಲದ್ದು.

ನಿನ್ನೆ ಅಮ್ಮನ ಫೋನು. "ಅವಳನ್ನ ಬೇರೆ ಡಾಕ್ಟ್ರಿಗೆ ತೋರಿಸೋ." ನಮಗೆ ಮಕ್ಕಳಾಗಲಿಲ್ಲವೆಂದು ನಾಲ್ಕು ವರ್ಷದಿಂದ ಇದೇ ರಾಗ. ನಾನು ಹುಟ್ಟಿದ್ದೇ ಅಪ್ಪ-ಅಮ್ಮನ ಮದುವೆಯಾಗಿ ಎಂಟು ವರ್ಷಕ್ಕೆ. ಕಾಯುವ ಕಷ್ಟ ಅಮ್ಮನಿಗೆ ಗೊತ್ತಿಲ್ಲವೇ? ಇವಳು, ನನ್ನ ಹೆಂಡತಿ, ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು. ನಾನು "ಹೂಂ" ಎಂದೆ. ಯಾಕೆ ಅಂದೆನೋ.

ಮಾರ್ಚ್ 5

ಇವಳು ಜಗಳವಾಡಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ತಟ್ಟೆ ಮುಂದಿಟ್ಟು ಹೇಳಿದಳು:

"ರೀ, ನಾಲ್ಕು ವರ್ಷದಲ್ಲಿ ನಂಗೆ ಎಷ್ಟು ಸೂಜಿ ಚುಚ್ಚಿದ್ದಾರೆ ಗೊತ್ತಾ? ನೀವು ಒಂದೇ ಒಂದ್ಸಲ ಟೆಸ್ಟಿಗೆ ಅಂತ ಡಬ್ಬಿ ಹಿಡ್ಕೊಂಡು ಆ ರೂಮಿಗೆ ಹೋಗಿ ಬನ್ನಿ. ಅಷ್ಟೇ ಕೇಳ್ತಿರೋದು."

 ಹೋಗುತ್ತೇನೆ ಎಂದೆ.

ಮಾರ್ಚ್ 12

ಹೋದೆ. ಡಬ್ಬಿಯ ಪ್ರಸಂಗ ಬರೆಯುವುದಿಲ್ಲ. ಗೋಡೆಯ ಮೇಲೆ ಹಡಗಿನ ಚಿತ್ರವಿತ್ತು. ಒಂದು ಹಾಯಿ ಹರಿದಿತ್ತು.

ಮಾರ್ಚ್ 16

ರಿಪೋರ್ಟ್ ಬಂತು. ವೀರ್ಯಾಣು ಇರಬೇಕಾದದ್ದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಇದ್ದವುಗಳಲ್ಲಿ ಈಜುವವು ಬೆರಳೆಣಿಕೆ. ತೊಂದರೆ ಇವಳದ್ದಲ್ಲ, ನನ್ನದು.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. "ಎಡಗಡೆ ಬೀಜದ ರಕ್ತನಾಳ ಊದ್ಕೊಂಡಿದೆ. ಬಿಸಿ ರಕ್ತ ಅಲ್ಲೇ ನಿಲ್ತಾ ಇದೆ. ಬೀಜದ ಜಾಗ ಮೈಗಿಂತ ಒಂದೆರಡು ಡಿಗ್ರಿ ತಣ್ಣಗಿರ್ಬೇಕು, ಅದಕ್ಕೇ ಅದು ಹೊರಗಿರೋದು. ಕೆಲಸ ಏನ್ ಮಾಡ್ತೀರಿ?"

"ಬೇಕರೀಲಿ, ಭಟ್ಟಿ ಮುಂದೆ."

"ಎಷ್ಟು ಹೊತ್ತು ನಿಲ್ತೀರಿ?"

"ಹದಿನಾಲ್ಕು ವರ್ಷ ಆಯ್ತು."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಯೀಸ್ಟಿಗೆ ಸುಡುವ ನೀರು ಹಾಕಿದ ಹೊಸಬರನ್ನೆಲ್ಲ "ಜೀವ ಇರೋ ವಸ್ತು ಕಣಯ್ಯಾ, ಸಾಯಿಸ್ಬಿಟ್ಯಲ್ಲ" ಎಂದು ಬೈದವನು ನಾನು.

ಚಿಕ್ಕ ಆಪರೇಷನ್ನು. ಭಟ್ಟಿಯಿಂದ ದೂರ. ಸಿಗರೇಟು ಬಂದ್. ಆಮೇಲೆ ಕಾಯಬೇಕು. ಒಂದು ವೀರ್ಯಾಣು ತಯಾರಾಗುವುದಕ್ಕೆ ಎರಡೂವರೆ ತಿಂಗಳಂತೆ! ನನ್ನ ಬ್ರೆಡ್ಡಿಗೆ ನಾಲ್ಕು ಗಂಟೆ ಸಾಕು. ಇಷ್ಟು ನಾಜೂಕಿನ ಕೆಲಸ ನನ್ನೊಳಗೆ ಒಂದು ದಿನವೂ ರಜೆಯಿಲ್ಲದೆ ನಡೆಯುತ್ತಿತ್ತು... ನನಗೇ ಗೊತ್ತಿರಲಿಲ್ಲ.

ಏಪ್ರಿಲ್ 9

ಆಪರೇಷನ್ ಆಗಿ ವಾರ. ಬಾತುಕೋಳಿ ನಡಿಗೆ. ಇವಳು ಹಿಂದೆ ಹಿಂದೆಯೇ ಅಣಕಿಸಿಕೊಂಡು ನಡೆದಳು. ನಗಬೇಡ ಮಾರಾಯ್ತಿ, ಹೊಲಿಗೆ ಎಳೆಯುತ್ತದೆ.

ಏಪ್ರಿಲ್ 25

ಕೆಲಸಕ್ಕೆ ಮರಳಿದೆ. ಇನ್ನು ಹಿಟ್ಟು ನಾದುವ ಮೇಜು ನನ್ನದು. ಭಟ್ಟಿ ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ. ಕಾರಣ ಯಾರಿಗೂ ಹೇಳಿಲ್ಲ. ಅಮ್ಮನಿಗೂ.

ಜುಲೈ 20, ಸಂಜೆ

ಈಗಷ್ಟೇ ಇಬ್ಬರೂ ಆಸ್ಪತ್ರೆಯಿಂದ ಬಂದೆವು. ಬರೆದುಬಿಡುತ್ತೇನೆ.

ಎರಡನೇ ಪರೀಕ್ಷೆ. ಲ್ಯಾಬಿನಾಕೆ ಬಾಗಿಲು ತೆರೆದು, "ನೋಡ್ತೀರಾ?" ಎಂದಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಬೆಳಕು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಮಿಸುಕಿತು. ಇನ್ನೊಂದು. ಆಮೇಲೆ ಎಲ್ಲಿ ನೋಡಿದರಲ್ಲಿ! ಬಾಲ ಬಡಿಯುತ್ತ, ಅವಸರದಲ್ಲಿ, ಯಾರೋ ಕರೆದ ಹಾಗೆ.  ಕಣ್ಣೀರಿನಿಂದ ಗಾಜು ಮಂಜಾಯಿತು, ಲ್ಯಾಬಿನಾಕೆ ಒರೆಸಿಕೊಟ್ಟಳು.

ಇವಳನ್ನು ಕರೆದೆ. ತುಂಬಾ ಹೊತ್ತು ಅದರಿಂದ ಕಣ್ಣು ತೆಗೆಯಲಿಲ್ಲ.

"ರೀ, ಇಲ್ಲೊಂದು ಸುಮ್ನೆ ಗಿರಕಿ ಹೊಡೀತಿದೆ. ನಿಮ್ ಥರಾನೇ. ನೇರ ಬರೋ ಜಾಯಮಾನ ಅಲ್ಲ."

ಆಸ್ಪತ್ರೆಯಲ್ಲಿ ಇವಳು ನಕ್ಕಿದ್ದು ಇದೇ ಮೊದಲು.

ಡಾಕ್ಟರಮ್ಮ ಭರವಸೆಯ ಮೂಟೆಯನ್ನೇನೂ ಹೊರಿಸಲಿಲ್ಲ. "ಇನ್ನೂ ಕಡಿಮೇನೇ. ಆದ್ರೆ ಈಗ ಸಾಧ್ಯ ಇದೆ." ಸಾಧ್ಯ. ಸಾಕು.

ಜುಲೈ 21, ಮಧ್ಯಾಹ್ನ

ಅಮ್ಮನಿಗೆ ನಾನೇ ಫೋನ್ ಮಾಡಿದೆ.

"ಅವಳಿಗೆ ಏನಂದ್ರೋ ಡಾಕ್ಟ್ರು?"

"ಅವಳಿಗಲ್ಲಮ್ಮ. ತೊಂದ್ರೆ ಇದ್ದಿದ್ದು ನಂಗೆ."

ಎಲ್ಲ ಹೇಳಿದೆ. ರಕ್ತನಾಳ, ಬಿಸಿ, ಭಟ್ಟಿ, ಕಾದ ತಿಂಗಳುಗಳು.  

"ನಿಮ್ಮಪ್ಪ ಯಾವತ್ತೂ ಡಾಕ್ಟ್ರಿಗೆ ತೋರಿಸ್ಕೊಳ್ಲೇ ಇಲ್ಲ ಕಣೋ," ಎಂದಳು ಅಮ್ಮ. "ಏಳು ವರ್ಷ ಎಲ್ರೂ ನನ್ನೇ ಅಂದ್ರು. ಆಮೇಲೆ ಭಟ್ಟಿ ಬಿರುಕು ಬಿಡ್ತಲ್ಲ, ಐದು ತಿಂಗಳು ಬೇಕರಿ ಮುಚ್ಚಿತ್ತು. ಅಪ್ಪ ಮನೇಲೇ ಇದ್ರು..." ಉಸಿರೆಳೆದುಕೊಂಡಳು. "ನೀನು ನನ್ನ ಹೊಟ್ಟೇಲಿ ನಿಂತಿದ್ದು ಆಗ."

ಅದೇ ಕಾರಣವೋ ಏನೋ, ಯಾರು ಹೇಳಬಲ್ಲರು? "ಅವಳಿಗೆ ಫೋನ್ ಕೊಡು," ಎಂದಳು ಅಮ್ಮ. ಕೊಟ್ಟು ಬೇಕರಿಗೆ ಬಂದೆ.

ಈಗ ಭಟ್ಟಿಯ ಎದುರು ನಿಂತಿದ್ದೇನೆ, ದೂರದಲ್ಲಿ. ಹದಿನಾಲ್ಕು ವರ್ಷ ನಾನೇ ಮಣ್ಣು ಮೆತ್ತಿ ಮುಚ್ಚುತ್ತ ಬಂದ ಆ ಬಿರುಕು, ನಾನು ಹುಟ್ಟಿಬರಲು ದಾರಿ ಬಿಟ್ಟದ್ದು ಅದೇ ಇರಬೇಕು.