ದೋಣಿಯವನು ಹಿತ್ತಿಲ ಬಾಗಿಲಿಂದ ಬಂದ

ಹೊಲಿಗೆ ಅಂಗಡಿಯಿಂದ,
ತಾರೀಖು ಹದಿನೇಳು, ಗುರುವಾರ

ನನ್ನ ಬೇಕರಿ ತಂಗಿಗೆ,

ನಿನ್ನ ಸೂಜಿ ಅಕ್ಕ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಓವನ್ನಿಗೆ ಹಾಕು. ಅದಂತೂ ನಿನ್ನ ಹತ್ತಿರ ದೊಡ್ಡದೇ ಇದೆ.

ನನ್ನ ಮೆಸೇಜುಗಳು ನಿನಗೆ ಹೋಗುತ್ತಿಲ್ಲ. ಪುಸ್ತಕ ಹಂಚಿಕೊಳ್ಳುವ ನಮ್ಮ ‘ಕೈಯಿಂದ ಕೈಗೆ’ ಗುಂಪಿನಲ್ಲೂ ನೀನು ಕಾಣುತ್ತಿಲ್ಲ. ಪುಸ್ತಕ ಕಳಿಸುವ ವಿಳಾಸವೊಂದು ಉಳಿದಿತ್ತು, ಅದಕ್ಕೇ ಈ ಕಾಗದ. ಇಷ್ಟು ವರ್ಷ ನಿನಗೆ ‘ನೀವು’ ಎಂದು ಬರೆದವಳು ಈಗ ಏಕವಚನಕ್ಕೆ ಇಳಿದಳಲ್ಲ ಎಂದುಕೊಳ್ಳುತ್ತೀಯೇನೋ. ಅದಕ್ಕೂ ಕಾರಣವಿದೆ, ಹೇಳುತ್ತೇನೆ.

ಹೋದ ತಿಂಗಳು ನೀನು ಗುಂಪಿನಲ್ಲಿ ಕೇಳಿದ್ದೆ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾರೆ, ಮಧ್ಯಾಹ್ನ ಬೇಕರಿ ಖಾಲಿ ಇರುವಾಗ ಅವರಿಗೆ ಓದಿ ಹೇಳಬೇಕು, ಕೊನೆ ಚೆನ್ನಾಗಿರುವ ಪುಸ್ತಕ ಯಾರಾದರೂ ಕೊಡಿ ಎಂದು. ಬೇರೆಯವರು ಕೈ ಎತ್ತುವ ಮೊದಲೇ ನಾನು ಎತ್ತಿದೆ. ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಆ ದೋಣಿಯವನ ಕಾದಂಬರಿಯನ್ನು ಕಪಾಟಿನಿಂದ ತೆಗೆದು, ನಮ್ಮ ಗುಂಪಿನ ಪದ್ಧತಿಯಂತೆ ಒಳಗೆ ಚೀಟಿ ಇಟ್ಟೆ. ‘ದೋಣಿಯವನು ಕೊನೆಗೆ ಮನೆಗೆ ಬರುತ್ತಾನೆ ನೋಡಿ, ಆ ಪುಟಕ್ಕೆ ಅಮ್ಮ ಎದ್ದು ಕೂರುತ್ತಾರೆ’ ಎಂದು ಬರೆದು ಕಳಿಸಿದೆ.

ನಿನ್ನ ಉತ್ತರ ನನಗೆ ಬಾಯಿಪಾಠವಾಗಿದೆ. ‘ಇದು ಮೂರು ವರ್ಷದ ಹಿಂದೆ ನಾನೇ ನಿಮಗೆ ಕಳಿಸಿದ ಪುಸ್ತಕ. ಅಮ್ಮನ ಮುಂದೆ ಆಸೆಯಿಂದ ಪಾರ್ಸೆಲ್ ಬಿಚ್ಚಿದೆ. ದೋಣಿಯವನು ಬರೋದಿಲ್ಲ ಅಕ್ಕಾ, ಖಾಲಿ ದೋಣಿ ಸಿಗುತ್ತೆ ಅಷ್ಟೇ. ಓದದೇನೇ ಬರೀತಿದ್ರಾ ಇಷ್ಟು ವರ್ಷ?’

ಹೌದು ತಂಗಿ. ಒಂದು ಪುಸ್ತಕವನ್ನೂ ನಾನು ಓದಿಲ್ಲ. ಎಲ್ಲವನ್ನೂ ಕೇಳಿದ್ದೇನೆ.

ಓದುತ್ತಿದ್ದವರು ನಮ್ಮವರು. ಛಾಪಖಾನೆಯಲ್ಲಿ ಮೂವತ್ತೆರಡು ವರ್ಷ ಪ್ರೂಫ್ ನೋಡಿದವರು. ಒಂದು ಅಲ್ಪವಿರಾಮ ಬಿಟ್ಟುಹೋದರೆ ಮನೆಗೆ ಬಂದು ಮುಖ ಊದಿಸಿಕೊಂಡು ಕೂರುತ್ತಿದ್ದ ಆಸಾಮಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಮನಸ್ಸು ನಿಲ್ಲದೆ ನನ್ನ ಅಂಗಡಿಗೇ ಬಂದು ಮೆಷಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡರು. ನಾನು ಯಾರದೋ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಲೋ, ಹರಿದ ಝಿಪ್ಪು ಬದಲಿಸುತ್ತಲೋ ಇರುತ್ತಿದ್ದೆ. ಅವರು ಓದುತ್ತಿದ್ದರು. ಪುಸ್ತಕ ಒಂದೇ ಅಲ್ಲ. ಪೇಪರು, ಬಂದ ಕಾಗದ, ಮಾತ್ರೆ ಡಬ್ಬಿಯ ಮೇಲಿನ ಸಣ್ಣಕ್ಷರ, ಎಲ್ಲ ಅವರ ಬಾಯಲ್ಲೇ. ನನ್ನ ಕೈ ಯಾವಾಗಲೂ ಬಟ್ಟೆಯ ಮೇಲಿರುತ್ತಿತ್ತು. ಓದಲು ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು ಅನ್ನು.

ಗುಂಪಿಗೆ ನನ್ನ ಫೋನಿಂದ ಸೇರಿದ್ದು, ‘ಸೂಜಿ’ ಎಂದು ಹೆಸರಿಟ್ಟಿದ್ದು, ನಿನಗೆ ಚೀಟಿ ಬರೆಯುತ್ತಿದ್ದದ್ದು ಅವರೇ. ಆದರೆ ಮಾತು ನನ್ನದು. ‘ಆ ನಾಯಕಿಗೆ ಎರಡು ಬಾರಿಸಬೇಕು’ ಎಂದು ನಾನು ಮೆಷಿನ್ ತುಳಿಯುತ್ತ ಹೇಳುತ್ತಿದ್ದೆ. ಅವರು ಅದನ್ನೇ ನಯವಾಗಿ, ‘ನೀವು’ ಸೇರಿಸಿ ಬರೆಯುತ್ತಿದ್ದರು. ನಿನ್ನ ಪುಸ್ತಕಗಳ ಪುಟಗಳ ನಡುವೆ ಮೈದಾಹಿಟ್ಟು ಉದುರುತ್ತಿತ್ತಲ್ಲ, ಅದನ್ನು ಊದಿ ನನ್ನ ಮೂಗಿಗೆ ಹಾರಿಸಿ ನಗುತ್ತಿದ್ದರು. ‘ನಿನ್ನ ತಂಗಿ ಬಂದ್ಳು ನೋಡೇ’ ಎನ್ನುತ್ತಿದ್ದರು.

ಅವರು ಹೋಗಿ ಎಂಟು ತಿಂಗಳಾಯಿತು. ಇದನ್ನೂ ನಿನಗೆ ಹೇಳಲಿಲ್ಲ. ಎದೆನೋವು ಎಂದಾಗ ಪರೀಕ್ಷೆ ಮಾಡಿಸಿದೆವು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ, ವಯಸ್ಸಿನ ಸುಸ್ತು ಅಷ್ಟೇ ಎಂದಿತ್ತು. ಎರಡು ತಿಂಗಳಿಗೆ ಮುಗಿದೇಹೋಯಿತು. ಹಾಗೆ ಬರೆದುಕೊಟ್ಟ ಡಾಕ್ಟರರನ್ನು ನಾನು ಬೈಯದ ದಿನವಿಲ್ಲ. ಅವರ ಆಸ್ಪತ್ರೆಯ ಬೀದಿಯಲ್ಲಿ ಹೋಗಬೇಕಾಗುತ್ತದೆಂದು ನೂಲು ತರುವ ಅಂಗಡಿಯನ್ನೇ ಬದಲಿಸಿದೆ.

ಅವರಿಲ್ಲ ಎಂದು ಗುಂಪಿಗೆ ತಿಳಿಸಿದರೆ ಸೂಜಿಯೂ ಇಲ್ಲ ಎಂದಾಗುತ್ತದಲ್ಲ ಎಂಬ ಹೆದರಿಕೆ ನನಗೆ. ಆಮೇಲೆ ನೀನು ಕಳಿಸಿದ ಮೂರು ಪುಸ್ತಕ ಬಿಚ್ಚಿದೆ, ಹಿಟ್ಟು ಊದಿದೆ, ಮೊದಲ ಪುಟ ಹಿಡಿದು ಕೂತೆ. ಕಣ್ಣು ಓಡುತ್ತದೆ, ದನಿಯಿಲ್ಲ. ನಾಲ್ಕು ಸಾಲಿಗೇ ಮುಚ್ಚಿಟ್ಟು ‘ತುಂಬಾ ಚೆನ್ನಾಗಿದೆ’ ಎಂದು ಬರೆದೆ. ಆ ಮೂರು ಚೀಟಿ ಸುಳ್ಳು. ನಿನ್ನ ಕಾಲಿಗೆ ಬಿದ್ದು ಒಪ್ಪಿಕೊಳ್ಳುತ್ತೇನೆ.

ದೋಣಿಯವನ ಚೀಟಿ ಮಾತ್ರ ಸುಳ್ಳಲ್ಲ. ಯಾವ ಪುಸ್ತಕ ಯಾರು ಕಳಿಸಿದ್ದು ಎಂಬುದೆಲ್ಲ ನಮ್ಮವರಿಗೆ ಗೊತ್ತಿರುತ್ತಿತ್ತು, ನನಗಲ್ಲ, ಹಾಗಾಗಿ ನಿನ್ನದು ನಿನಗೇ ಬಂತು. ಆದರೆ ಅವನು ಮನೆಗೆ ಬಂದದ್ದನ್ನು ನಾನು ಈ ಎರಡು ಕಿವಿಯಲ್ಲಿ ಕೇಳಿದ್ದೇನೆ.

ನಿನ್ನ ಮೆಸೇಜು ನೋಡಿ ಮೊದಲು ನಿನ್ನ ಮೇಲೇ ಸಿಟ್ಟು ಬಂತು. ಆಮೇಲೆ ಫೋನಿನಲ್ಲಿ ಹಳೆಯ ಮಾತುಗಳನ್ನೆಲ್ಲ ಹುಡುಕಿ ಮೂರು ವರ್ಷ ಹಿಂದಕ್ಕೆ ಹೋದೆ. ಈ ಪುಸ್ತಕದ ಬಗ್ಗೆ ಸೂಜಿ ನಿನಗೆ ಬರೆದದ್ದು ಸಿಕ್ಕಿತು. ‘ಕೊನೆ ಓದಿ ಎರಡು ದಿನ ಊಟ ಸೇರಲಿಲ್ಲ. ಆ ಖಾಲಿ ದೋಣಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.’ ನಾನು ಹಾಗೆ ಹೇಳಿಯೇ ಇಲ್ಲ! ನಾನು ಆ ದಿನ ಖುಷಿಯಲ್ಲಿ ಬೇಗ ಅಂಗಡಿ ಮುಚ್ಚಿಸಿ ಅವರನ್ನು ಪಾರ್ಕಿಗೆ ಎಳೆದುಕೊಂಡು ಹೋಗಿದ್ದೆ. ಅವರು ಬೆಂಚಿನ ಮೇಲೆ ಕೂತು, ನಾನು ಕೊಟ್ಟ ಕಡಲೆಕಾಯಿಯನ್ನೆಲ್ಲ ಅಳಿಲಿಗೆ ಹಾಕಿದರು.

ಆಗ ನೆನಪಾಯಿತು. ನಮ್ಮವರಿಗೆ ದಪ್ಪ ಕನ್ನಡಕ. ಅದಿಲ್ಲದಿದ್ದರೆ ಅಕ್ಷರವಿರಲಿ, ಪುಸ್ತಕದ ಬಣ್ಣವೂ ತಿಳಿಯುತ್ತಿರಲಿಲ್ಲ. ದೋಣಿಯವನ ಕೊನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಮೆಷಿನ್ನಿನ ಮೇಲಿಟ್ಟು ಕಣ್ಣೊರೆಸಿಕೊಂಡರು. ಓದು ನಿಲ್ಲಲಿಲ್ಲ. ನಾನು ಕಾಲರಿನ ಹೊಲಿಗೆ ಬಿಚ್ಚುತ್ತಿದ್ದೆ, ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದೆ. ಏನೂ ಅನ್ನಿಸಲಿಲ್ಲ.

ಯಾಕೆ ಹಾಗೆ ಮಾಡಿದರು ಎಂದೂ ಗೊತ್ತು. ಅದಕ್ಕೆ ಮೊದಲು ಒಂದು ಕಾದಂಬರಿಯ ಕೊನೆ ಕೇಳಿ, ಗೋಳಾಡಿ, ಒಬ್ಬ ಮದುಮಗನ ಕೋಟಿನ ಎಡದೋಳನ್ನು ಬಲಕ್ಕೆ ಹೊಲಿದುಬಿಟ್ಟಿದ್ದೆ. ವಾರವೆಲ್ಲ ನನ್ನ ಕಣ್ಣು ಒಣಗಿರಲಿಲ್ಲ. ‘ಇನ್ಮೇಲೆ ನಿಂಗೆ ನೋಡಿಕೊಂಡು ಓದ್ತೀನಿ ಬಿಡು’ ಎಂದಿದ್ದರು. ಒಳ್ಳೆಯ ಪುಸ್ತಕ ಆರಿಸುತ್ತಾರೆ ಎಂದುಕೊಂಡಿದ್ದೆ. ಛಾಪಿಸಿದ ಅಕ್ಷರ ಮುಟ್ಟಲು ಹೆದರುತ್ತಿದ್ದ ಮನುಷ್ಯ ನನಗೋಸ್ಕರ ಪುಟಗಟ್ಟಲೆ ತಿದ್ದಿದರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನನಗೆ ಸಿಹಿ ಹೇಳಿ, ಕಹಿಯನ್ನು ಒಬ್ಬರೇ ನುಂಗಿ, ತಡೆಯಲಾರದಾಗ ನಿನ್ನ ಹತ್ತಿರ ಹೇಳಿಕೊಂಡರು. ಅದಕ್ಕಾದರೂ ನೀನಿದ್ದೆಯಲ್ಲ.

ನೀನು ಕೇಳಿದ್ದು ಒಳ್ಳೆಯ ಕೊನೆ. ಅದನ್ನು ಈಗ ಸರಿಯಾಗಿ ಕೊಡುತ್ತೇನೆ. ಅಮ್ಮನಿಗೆ ಪುಸ್ತಕ ಓದು. ಊರಿನವರೆಲ್ಲ ದೀಪ ಹಿಡಿದು ದಡದಲ್ಲಿ ನಿಲ್ಲುವವರೆಗೆ ಓದಿ, ಅಲ್ಲಿ ಮುಚ್ಚಿಬಿಡು. ಆಮೇಲೆ ಹೀಗೆ ಹೇಳು. ಎಲ್ಲರೂ ಹೊಳೆಯ ಕಡೆಗೇ ನೋಡುತ್ತಿದ್ದಾರೆ. ಅವನ ಹೆಂಡತಿ ಒಬ್ಬಳೇ ಒಲೆ ಆರಿಸಲು ಒಳಗೆ ಬರುತ್ತಾಳೆ. ಹಿತ್ತಿಲ ಬಾಗಿಲು ಬಡಿದ ಸದ್ದು. ತೆರೆದರೆ ಅವನು, ಮೊಣಕಾಲವರೆಗೆ ಕೆಸರು, ಚಪ್ಪಲಿ ಕೈಯಲ್ಲಿ. ದೋಣಿ ಕೈಬಿಟ್ಟು ಸುತ್ತುದಾರಿಯಲ್ಲಿ ಮೂರು ದಿನ ನಡೆದು ಬಂದಿದ್ದಾನೆ. ‘ಎಲ್ಲಾ ಆ ಕಡೆ ಯಾಕೆ ನಿಂತಿದಾರೆ? ಹಸಿವಾಗ್ತಿದೆ, ಏನಾದ್ರೂ ಕೊಡು’ ಅನ್ನುತ್ತಾನೆ. ಅಷ್ಟೇ. ಹೇಳುವಾಗ ಅವಸರ ಮಾಡಬೇಡ, ನಮ್ಮವರು ಮಾಡಿರಲಿಲ್ಲ.

ಒಂದೇ ಕೇಳಿಕೆ. ನನ್ನನ್ನು ಬಿಡಬೇಡ. ಪುಸ್ತಕ ಕಳಿಸು. ಇನ್ನು ಮುಂದೆ ನಾನೇ ಓದುತ್ತೇನೆ, ಗಟ್ಟಿಯಾಗಿ, ಆ ಸ್ಟೂಲಿನ ಮೇಲೆ ಕೂತು. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಬರೆಯುತ್ತೇನೆ. ಹಿಟ್ಟು ಕೊಡವದೆ ಕಳಿಸು.

ಅಮ್ಮನನ್ನು ಕೇಳಿದೆನೆಂದು ಹೇಳು.

ಇಷ್ಟು ದಿನ ಅರ್ಧವಾಗಿದ್ದ, ಈಗ ಒಬ್ಬಳೇ ಉಳಿದ,
ನಿನ್ನ ಸೂಜಿ ಅಕ್ಕ

ತಾ.ಕ.: ಈ ಕಾಗದ ಬರೆದು ಮುಗಿಸಿ, ಲಕೋಟೆ ಹುಡುಕಲು ಮೆಷಿನ್ನಿನ ಡ್ರಾಯರು ತೆಗೆದೆ. ಬಾಬಿನ್‌ಗಳ ಕೆಳಗೆ ಆಸ್ಪತ್ರೆಯ ಕವರು ಸಿಕ್ಕಿತು. ರಿಪೋರ್ಟನ್ನೂ ಅವರೇ ನನಗೆ ಓದಿ ಹೇಳಿದ್ದು. ಇವತ್ತು ನಾನೇ ಓದಿದೆ, ಗಟ್ಟಿಯಾಗಿ. ಡಾಕ್ಟರು ಎಲ್ಲವನ್ನೂ ಬರೆದಿದ್ದಾರೆ, ಇನ್ನೆಷ್ಟು ದಿನ ಉಳಿಯುತ್ತಾರೆ ಎಂಬುದನ್ನೂ. ನಾಳೆ ಆ ಬೀದಿಯಲ್ಲೇ ಹೋಗಿ ನೂಲು ತರುತ್ತೇನೆ. ಅದನ್ನು ಓದಿ ಹೇಳಿದ ದಿನವೂ ಕನ್ನಡಕ ಮೆಷಿನ್ನಿನ ಮೇಲಿತ್ತು.